ನನ್ನನ್ನು ಎತ್ತಬೇಡಿ

ನನ್ನ ಕೊರಳಲ್ಲಿ ಸದಾ ಒಂದು ಅಳತೆ ಟೇಪು ಇರುತ್ತದೆ. ಬೇರೆ ಹೆಂಗಸರು ಸರ ಹಾಕಿಕೊಳ್ಳುವ ಹಾಗೆ ನಾನು ಬೆಳಗ್ಗೆ ಸ್ನಾನವಾದ ಕೂಡಲೇ ಅದನ್ನು ಹಾಕಿಕೊಳ್ಳುತ್ತೇನೆ. ಮಧುಗಿರಿಯಲ್ಲಿ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಿರುವವಳಿಗೆ ಅದೇನು ದೊಡ್ಡ ವಿಷಯ ಅಂತ ನೀವು ಅನ್ನಬಹುದು. ನಿಜ ಹೇಳಿಬಿಡುತ್ತೇನೆ: ಆ ಟೇಪಿನಲ್ಲಿ ನಾನು ಅಳೆದಿರುವ ತೋಳು, ಸೊಂಟಗಳಿಗಿಂತ ಬಾಗಿಲುಗಳೇ ಹೆಚ್ಚು. ಮೂರನೇ ವರ್ಷಕ್ಕೆ ಪೋಲಿಯೊ ಬಂದು ಎರಡೂ ಕಾಲು ಹೋದವು. ಈಗ ನಲವತ್ತಾರು. ನನ್ನ ಗಾಲಿಕುರ್ಚಿಯ ಅಗಲ ಇಪ್ಪತ್ತೈದು ಇಂಚು. ಈ ಇಪ್ಪತ್ತೈದು ಇಂಚು ನನ್ನ ಹೆಸರಿಗಿಂತ ಮುಖ್ಯವಾದ ಗುರುತು. ಮದುವೆ ಮನೆಯಾಗಲಿ, ಬ್ಯಾಂಕಾಗಲಿ, ದಂತವೈದ್ಯರ ಕೋಣೆಯಾಗಲಿ, ಹೊಸ್ತಿಲ ಹತ್ತಿರ ಹೋದೊಡನೆ ಕೈ ತಾನಾಗಿ ಟೇಪಿಗೆ ಹೋಗುತ್ತದೆ. ಒಂದು ಕಚೇರಿಯಲ್ಲಿ, ಯಾವುದು ಅಂತ ಕೇಳಬೇಡಿ, ನನ್ನಂಥವರಿಗಾಗಿಯೇ ಇಳಿಜಾರು ಕಟ್ಟಿಸಿದ್ದರು. ಚೆನ್ನಾಗಿಯೇ ಇತ್ತು. ಅದರ ತುದಿಯಲ್ಲಿ ಅಂದಕ್ಕೆ ಅಂತ ಎರಡು ಸಿಮೆಂಟಿನ ಹೂಕುಂಡ ಇಟ್ಟಿದ್ದರು. ನಡುವೆ ಉಳಿದ ಜಾಗ ಹತ್ತೊಂಬತ್ತು ಇಂಚು. ನಾನು ಅಳೆದು ಹೇಳಿದಾಗ ಅಲ್ಲಿನ ಗುಮಾಸ್ತರು, "ಹೂವು ನೋಡಿ ಹೋಗಿ ಮೇಡಂ," ಅಂದರು. ನೋಡಿ ಬಂದೆ.

ಈಗ ಹೇಳಹೊರಟಿರುವುದು ಆ ಟೇಪಿನ ದೆಸೆಯಿಂದ ನಾನು ಮಾಡಿದ ಒಂದು ಪ್ರವಾಸದ ಕಥೆ. ಊರೂರು ಸುತ್ತುವ ನಿಮಗೆ ಇದು ಪ್ರವಾಸ ಅನ್ನಿಸಲಿಕ್ಕಿಲ್ಲ. ಬೆಂಗಳೂರಿನ ಆಚೆ ಮಗ್ಗುಲಿಗೆ ನೀರಾಟ, ತಿರುಗುವ ಚಕ್ರ, ಕಿರುಚುವ ರೈಲು ಎಲ್ಲ ಇರುವ ಒಂದು ದೊಡ್ಡ ಪಾರ್ಕಿದೆಯಲ್ಲ, ಅಲ್ಲಿಗೆ. ಬೆಳಗ್ಗೆ ಹೋಗಿ ಸಂಜೆ ಬರುವಂಥದ್ದು. ಅದಕ್ಕೆ ನನಗೆ ಮೂರು ತಿಂಗಳ ತಯಾರಿ ಬೇಕಾಯಿತು.

ಶುರುವಾದದ್ದು ಜಯಮ್ಮನಿಂದ. ಜಯಮ್ಮ ನನ್ನ ಅಂಗಡಿಯ ಎರಡನೇ ಮಿಷನ್ನಿನವಳು. ಪಾವಗಡದ ಕಡೆಯವಳಾದ್ದರಿಂದ ಅವಳ ಮಾತಿನಲ್ಲಿ ಅರ್ಧ ತೆಲುಗು. ಹೋದ ವರ್ಷ ಅವಳ ಸ್ತ್ರೀಶಕ್ತಿ ಸಂಘದವರೆಲ್ಲ ಬಸ್ಸು ಮಾಡಿಕೊಂಡು ಆ ಪಾರ್ಕಿಗೆ ಹೋಗಿ ಬಂದರು. ಮಾರನೇ ದಿನ ಮೊಬೈಲಿನಲ್ಲಿ ಫೋಟೊ ತೋರಿಸುತ್ತ, "ಅಮ್ಮೋ, ಏನ್ ಹೇಳ್ಳಿ ಅಕ್ಕಾ! ಆ ಚಕ್ರ ಮ್ಯಾಕೆ ಹೋದ್ರೆ ಪ್ರಪಂಚನೇ ಕಾಣ್ತೈತೆ," ಅಂದಳು. ಆಮೇಲೆ, ಒಂದಿಷ್ಟೂ ಕೆಟ್ಟ ಮನಸ್ಸಿಲ್ಲದೆ ಹೇಳಿದಳು: "ನೀನೂ ಬಂದಿದ್ರೆ ಚೆನ್ನಾಗಿರ್ತಿತ್ತು ಅಕ್ಕಾ. ನಮ್ ಬ್ಯಾಗುಗಳ್ನ ನೋಡ್ಕಳಕ್ಕೆ ಯಾರೂ ಇರ್ಲಿಲ್ಲ."

ನಾನು ಕಾಜಾ ಹೊಲಿಯುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚಿಕೊಂಡಿತು.

ಜಯಮ್ಮನದು ತಪ್ಪಿಲ್ಲ. ಚಿಕ್ಕಂದಿನಿಂದ ನನ್ನ ಉದ್ಯೋಗವೇ ಅದು. ಐದನೇ ಕ್ಲಾಸಿನಲ್ಲಿ ನಮ್ಮನ್ನು ಶಿರಾಕ್ಕೆ ಕರೆದುಕೊಂಡು ಹೋಗಿದ್ದರು. ಕೋಟೆ, ಹಳೇ ಮಸೀದಿ ತೋರಿಸುವುದು ಅಂತ. ಮೇಷ್ಟ್ರು ದೇವರಂಥ ಮನುಷ್ಯ. ನನ್ನನ್ನು ತಾವೇ ಬಸ್ಸಿನಿಂದ ಎತ್ತಿಕೊಂಡು ಬಂದು ಒಂದು ಬೇವಿನ ಮರದ ನೆರಳಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಮೂವತ್ತು ಜೊತೆ ಚಪ್ಪಲಿ, ಮೂವತ್ತು ಊಟದ ಡಬ್ಬಿ. "ಗೌರಿ ಜಾಣೆ, ನೋಡ್ಕೊಂಡಿರ್ತಾಳೆ," ಅಂದರು. ನಾನು ಹೆಮ್ಮೆಯಿಂದ ಕೂತೆ. ಎಲ್ಲರೂ ಕೋಟೆಯೊಳಗೆ ಹೋದ ಮೇಲೆ ಒಂದು ಮೇಕೆ ಬಂತು. ಡಬ್ಬಿಯೊಂದರ ಮುಚ್ಚಳ ಸಡಿಲವಿತ್ತು. ಮೇಕೆ ಅದರಲ್ಲಿ ಮೂತಿ ಇಟ್ಟಿತು. ನಾನು ಕೈಗೆ ಸಿಕ್ಕ ಚಪ್ಪಲಿ ಬೀಸಿದೆ. ಅದು ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಬಂತು. ಇನ್ನೊಂದು ಬೀಸಿದೆ. ಮಕ್ಕಳು ಕೋಟೆ ನೋಡಿಕೊಂಡು ವಾಪಸು ಬರುವ ಹೊತ್ತಿಗೆ ಊಟದ ಡಬ್ಬಿಗಳೆಲ್ಲ ಕ್ಷೇಮವಾಗಿದ್ದವು. ಚಪ್ಪಲಿಗಳು ಮಾತ್ರ ಮಸೀದಿಯ ದಾರಿಯವರೆಗೂ ಹರಡಿಕೊಂಡಿದ್ದವು. ಮೇಕೆಯನ್ನು ಆ ಊರಿನವರೊಬ್ಬರು ಬಂದು ಎಳೆದುಕೊಂಡು ಹೋದರು. ಕೋಟೆ ಹೇಗಿತ್ತು ಅಂತ ಪ್ರಬಂಧ ಬರೆಯಿರಿ ಅಂದಾಗ ನಾನು ಮೇಕೆಯ ಮೇಲೆ ಬರೆದೆ.

ಜಯಮ್ಮ ಫೋಟೊ ತೋರಿಸಿದ ದಿನ ಇದೆಲ್ಲ ನೆನಪಾಯಿತು. ನನ್ನನ್ನು ಎತ್ತಿದವರೆಲ್ಲ ಒಳ್ಳೆಯವರೇ. ಒಬ್ಬರೂ ಬೀಳಿಸಲಿಲ್ಲ, ಒಬ್ಬರೂ ಬೈಯಲಿಲ್ಲ. ನೆರಳಿರುವ ಕಡೆ ನೋಡಿಯೇ ಇಳಿಸುತ್ತಿದ್ದರು. ನೋಡಬೇಕಾದದ್ದು ಬೇರೆ ಕಡೆ ಇರುತ್ತಿತ್ತು, ಅಷ್ಟೇ. ಅವತ್ತು ಅಂಗಡಿ ಬಾಗಿಲು ಹಾಕುವಾಗ ಜಯಮ್ಮನಿಗೆ ಹೇಳಿದೆ, "ನಾನು ಆ ಪಾರ್ಕಿಗೆ ಹೋಗ್ತೀನಿ. ಚಕ್ರ ಹತ್ತುತೀನಿ. ನೀನು ಬರ್ತೀಯ. ಒಂದು ಮಾತು: ಹೋಗೋವಾಗ, ಬರೋವಾಗ, ಅಲ್ಲಿದ್ದಾಗ, ಯಾರೂ ನನ್ನ ಎತ್ತಂಗಿಲ್ಲ."

"ಅದೆಂಗಾಯ್ತದಕ್ಕಾ?"

"ಅದನ್ನೇ ನೋಡಣ."

ಮೊದಲು ಪಾರ್ಕಿಗೆ ಫೋನು ಮಾಡಿದೆ. ಒಬ್ಬರು, "ವೀಲ್‌ಚೇರ್ ಫೆಸಿಲಿಟಿ ಇದೆ ಮೇಡಂ," ಅಂದು ಇಟ್ಟುಬಿಟ್ಟರು. ಎರಡನೇ ಸಲ ಇನ್ನೊಬ್ಬರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಬೇಕಾಗಿದ್ದದ್ದು ಒಂದೇ ವಿಷಯ: ಶೌಚಾಲಯದ ಬಾಗಿಲು ಎಷ್ಟು ಇಂಚು?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಊರು ಬಿಟ್ಟು ಎಲ್ಲಿಗಾದರೂ ಹೋಗಬೇಕಾದರೆ ಹಿಂದಿನ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತೇನೆ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗ ಇರುವುದಿಲ್ಲ. ಒಮ್ಮೆ ಕೊರಟಗೆರೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಬೇಸಿಗೆ. ಹಿಂದಿನ ದಿನದಿಂದ ಒಂದು ತೊಟ್ಟು ನೀರಿಲ್ಲದೆ ಹೋಗಿ ಕೂತಿದ್ದವಳು ಸರಿಯಾಗಿ ಧಾರೆಯ ಹೊತ್ತಿಗೆ ತಲೆ ಸುತ್ತಿ ಪಕ್ಕದವರ ಮೇಲೆ ಒರಗಿಬಿಟ್ಟೆ. ಮುಖಕ್ಕೆ ನೀರು ಚಿಮುಕಿಸಿದ ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡರು: "ಪಾಪ, ತನ್ಗೊಂದ್ ಮದ್ವೆ ಆಗ್ಲಿಲ್ವಲ್ಲ ಅಂತ ಸಂಕ್ಟ ಕಣವ್ವ." ನನಗೆ ಕೇಳಿಸಿತು. ಸಂಕಟ ಇದ್ದದ್ದು ನಿಜ, ಅದು ಮೂತ್ರಕೋಶದ್ದು. ಹಾಗಂತ ಮಂಟಪದ ಮುಂದೆ ಹೇಳುವುದು ಹೇಗೆ? ಸುಮ್ಮನೆ ಕಣ್ಣೊರೆಸಿಕೊಂಡೆ. ಅವರ ಅನುಮಾನ ಇನ್ನೂ ಗಟ್ಟಿಯಾಯಿತು.

ಈ ಸಲ ನೀರು ಕುಡಿದೇ ಹೋಗಬೇಕು ಅಂತ ಹಟ ಹಿಡಿದಿದ್ದೆ. ಅದಕ್ಕೇ ಮೂರನೇ ಸಲ ಫೋನು ಮಾಡಿದೆ. ಈ ಬಾರಿ ಒಬ್ಬ ಹೆಣ್ಣುಮಗಳು ಎತ್ತಿಕೊಂಡಳು. ಬಾಗಿಲ ಅಳತೆ ಕೇಳಿದಾಗ ನಗಲಿಲ್ಲ. "ತಾಳಿ ಮೇಡಂ, ನೋಡ್ಕೊಂಡು ಬರ್ತೀನಿ," ಅಂದಳು. ಸುಮಾರು ಹೊತ್ತು ಅವಳ ಚಪ್ಪಲಿಯ ಸದ್ದು, ದೂರದ ಕಿರುಚಾಟ ಕೇಳಿಸುತ್ತಿತ್ತು. ಆಮೇಲೆ, "ಮೇಡಂ, ಟೇಪ್ ಸಿಗಲಿಲ್ಲ, ಸ್ಕೇಲ್ ಇಟ್ಟು ನೋಡ್ದೆ. ಎರಡು ಸ್ಕೇಲು, ಮೇಲೊಂದಿಷ್ಟು."

ಎರಡು ಸ್ಕೇಲು ಅಂದರೆ ಇಪ್ಪತ್ತನಾಲ್ಕು. ನನ್ನ ಪ್ರವಾಸವೆಲ್ಲ ಆ 'ಒಂದಿಷ್ಟು' ಎನ್ನುವುದರ ಮೇಲೆ ನಿಂತಿತ್ತು.

"ಒಂದಿಷ್ಟು ಅಂದ್ರೆ ಎಷ್ಟಮ್ಮ? ಬೆರಳಿಟ್ಟು ನೋಡು."

"ಮೂರು ಬೆರಳು ಮೇಡಂ. ಸಲೀಸಾಗಿ ಹಿಡಿಯುತ್ತೆ."

ಹೆಂಗಸಿನ ಮೂರು ಬೆರಳು ಸುಮಾರು ಎರಡು ಇಂಚು. ಇಪ್ಪತ್ತು ವರ್ಷ ಹೊಲಿದವಳಿಗೆ ಅಷ್ಟು ಗೊತ್ತಿಲ್ಲವೇ? ಇಪ್ಪತ್ತಾರು. ಒಂದು ಇಂಚು ನನ್ನ ಕಡೆಗಿತ್ತು. ಫೋನಿಟ್ಟು ಜಯಮ್ಮನಿಗೆ ಕೂಗಿ ಹೇಳಿದೆ. ಅವಳು ಏನೂ ಅರ್ಥವಾಗದೆ ಚಪ್ಪಾಳೆ ತಟ್ಟಿದಳು.

ಅಪ್ಪನಿಗೆ ತಿಳಿಸುವುದು ಬಾಕಿಯಿತ್ತು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಪ್ಪ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ಕೂಲಿಯಾಗಿ ಸೇರಿ, ಕಾಯಮ್ಮಾಗಿ, ಮೇಸ್ತ್ರಿಯಾಗಿ ನಿವೃತ್ತನಾದವನು. ಪಟ್ಟನಾಯಕನಹಳ್ಳಿ ಕಡೆಯ ರಸ್ತೆಯಲ್ಲಿ ನನ್ನ ಕೈಯಷ್ಟಗಲವೂ ಅಪ್ಪ ಕೈ ಆಡಿಸದ ಜಾಗ ಇಲ್ಲ. ಕೆಲಸಕ್ಕೆ ಹೋಗುವ ಮುಂಚೆ ನನ್ನನ್ನು ಶಾಲೆಗೆ ಎತ್ತಿಕೊಂಡು ಹೋಗುವುದು, ಬಂದ ಮೇಲೆ ಎತ್ತಿಕೊಂಡು ಬರುವುದು. ಹತ್ತು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಈಗ ಎಪ್ಪತ್ತೆರಡು. ಎರಡು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆಯಿತು. ನೀರು ತುಂಬಿದ ಬಿಂದಿಗೆಯನ್ನೂ ಎತ್ತಬಾರದು ಅಂದಿದ್ದಾರೆ ಡಾಕ್ಟರು. ಅಪ್ಪನ ಲೆಕ್ಕದಲ್ಲಿ ನಾನು ಬಿಂದಿಗೆಯಲ್ಲ. ನಾನು ಬೇಡ ಅನ್ನುವ ಮೊದಲೇ ಎತ್ತಿ ಮಂಚಕ್ಕೆ ಕೂರಿಸಿ, ನನಗೆ ಗೊತ್ತಾಗಬಾರದೆಂದು ಒಳಗೆ ಹೋಗಿ ಹೊಟ್ಟೆ ಹಿಡಿದುಕೊಳ್ಳುತ್ತಾನೆ.

ಪಾರ್ಕಿನ ಸುದ್ದಿ ಹೇಳಿದ ಕೂಡಲೇ ಮುಖ ಅರಳಿತು. "ಹೋಗಣ ಬುಡು ಮಗ. ನಾನಿಲ್ವಾ? ಎತ್ಕಂಡೋಯ್ತೀನಿ."

"ನೀನು ಬಾ ಅಪ್ಪ. ಆದ್ರೆ ಎತ್ತಬೇಡ."

ಅಪ್ಪನ ದನಿ ಬದಲಾಯಿತು. "ನಲವತ್ಮೂರು ವರ್ಸ ಎತ್ತಿವ್ನಿ. ಈಗ ನನ್ ಕೈ ನಾರ್ತದಾ ನಿಂಗೆ?"

ಉತ್ತರಕ್ಕೆ ಕಾಯದೆ ಎದ್ದು ಜಗಲಿಗೆ ಹೋದ. ಅವತ್ತು, ಮಾರನೇ ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಮೂರನೇ ದಿನ ಬೆಳಗ್ಗೆ ಕುರ್ಚಿ ಉರುಳಿಸಿಕೊಂಡು ಜಗಲಿಗೆ ಹೋದೆ.

"ಅಪ್ಪ, ಎತ್ತಿದೋರು ಎಲ್ಲಿ ಇಳಿಸ್ತಾರೋ ನಾನು ಅಲ್ಲೇ ಇರಬೇಕು. ನಂಗೆ ಇನ್ನೊಂದೆರಡು ಮಾರು ಮುಂದೆ ಹೋಗಬೇಕು ಅನ್ನಿಸಿದ್ರೆ ಮತ್ತೆ ಯಾರನ್ನಾದ್ರೂ ಕೂಗಬೇಕು. ಒಂದು ದಿನ ಕೂಗದೆ ಇದ್ದು ನೋಡ್ತೀನಿ. ಒಂದೇ ದಿನ."

ಅಪ್ಪ ಬೀಡಿ ಹಚ್ಚಿದ. ಪೂರ್ತಿ ಸೇದಿ ಮುಗಿಸಿದ. "ನಂಗ್ಯಾವತ್ತೂ ಹೇಳ್ಳಿಲ್ವಲ್ಲ ನೀನು," ಅಂದ.

"ನೀನು ಎತ್ತಿದಾಗ ಹಂಗೆ ಅನ್ನಿಸ್ತಿರ್ಲಿಲ್ಲ." ಇದು ಅರ್ಧ ಸುಳ್ಳು. ಅಪ್ಪನಿಗೂ ಗೊತ್ತಾಗಿರಬೇಕು. ಹೂಂ ಅಂದ.

ಗಾಡಿಯವನು ಅಮ್ಜದ್. ಶಿರಾದವನು, ಮಧುಗಿರಿಯ ಅಳಿಯ, ಅವನ ಹೆಂಡತಿಯ ರವಿಕೆಗಳೆಲ್ಲ ನನ್ನಲ್ಲಿಯೇ. ಅವನ ವ್ಯಾನಿಗೆ ಹಿಂದುಗಡೆಯಿಂದ ಕುರ್ಚಿ ಸಮೇತ ಹತ್ತಬೇಕು, ಏನು ಉಪಾಯ ಅಂತ ಕೇಳಿದೆ. "ಫಿಕರ್ ಮಾಡ್ಬೇಡಿ ಆಪಾ," ಅಂದ. ಎರಡು ದಿನದಲ್ಲಿ ಶಿರಾದ ಕಡಲೇಕಾಯಿ ಮಂಡಿಯಿಂದ ಒಂದು ಹಲಗೆ ತಂದ. ಲಾರಿಗೆ ಮೂಟೆ ತುಂಬುವ ಹಮಾಲರು ಹತ್ತಿ ಇಳಿಯುವ ಹಲಗೆ. ಅದರ ಸಂದುಗಳಲ್ಲಿ ಇನ್ನೂ ಕಡಲೇಕಾಯಿ ಸಿಪ್ಪೆ ಸಿಕ್ಕಿಕೊಂಡಿತ್ತು. "ಇದ್ರ ಮೇಲೆ ಲಕ್ಷ ಮೂಟೆ ಹತ್ತಿರ್ಬೇಕು ಆಪಾ. ನಿಮ್ದೇನ್ ಭಾರ!"

ಅಂಗಡಿಯ ಮುಂದೆ ಪರೀಕ್ಷೆ ಇಟ್ಟುಕೊಂಡೆವು. ಬೀದಿಯೆಲ್ಲ ನಿಂತು ನೋಡಿತು. ಬಲವಾಗಿ ಚಕ್ರ ತಳ್ಳಿಕೊಂಡು ಅರ್ಧ ಹಲಗೆ ಏರಿದೆ. ಅಲ್ಲಿಂದ ಮುಂದಕ್ಕೆ ಹೋಗಲು ತೋಳು ಒಪ್ಪಲಿಲ್ಲ. ಹಿಂದಕ್ಕೆ ಜಾರಲು ಕುರ್ಚಿ ಸಿದ್ಧವಾಗಿಯೇ ಇತ್ತು. ಸರ್ರನೆ ಬಂದು, ಜಯಮ್ಮನ ಕಾಲ ಮೇಲೆ ಹಾದು, ಎದುರು ಮನೆಯವರು ಒಣಹಾಕಿದ್ದ ರಾಗಿಯೊಳಗೆ ನಿಂತೆ. ಜಯಮ್ಮ ತೆಲುಗಿನಲ್ಲಿ ತನ್ನ ಅಪ್ಪನನ್ನೂ ಅಮ್ಮನನ್ನೂ ಕರೆದಳು. ನಾಲ್ಕು ಜನ ಗಂಡಸರು ಓಡಿ ಬಂದರು. "ಎತ್ತುಬುಡಣ ಹಿಡ್ಕಳ್ರಲೇ!"

"ಯಾರಾದ್ರೂ ಮುಟ್ಟಿದ್ರೆ ನೋಡಿ," ಅಂತ ಕಿರುಚಿದೆ. ನನ್ನ ದನಿ ನನಗೇ ಹೆದರಿಕೆ ಹುಟ್ಟಿಸಿತು.

ಆಗ ಗುಂಪಿನ ಹಿಂದಿನಿಂದ ಅಪ್ಪ ಬಂದ. ನನ್ನ ಕಡೆ ನೋಡಲಿಲ್ಲ. ಹಲಗೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಅದರ ಏರನ್ನು ನೋಡಿದ. "ಯಾವನ್ಲಾ ಇದ್ನ ಇಟ್ಟೋನು? ರಸ್ತೆ ಏರು ಇಂಗ್ ಮಾಡಿದ್ರೆ ಎತ್ತಿನಗಾಡಿನೂ ಹಿಂದಕ್ ಬತ್ತದೆ. ಇದು ಮೂಟೆ ಹೊರೋನ್ ಏರು. ಕುತ್ಕಂಡ್ ಹೋಗೋರಿಗೆ ಇದರ ಎರಡರಷ್ಟು ಉದ್ದ ಬೇಕು ಕಣಯ್ಯ. ನಡೂಕೆ ಒಂದು ಆಧಾರ, ಎರಡು ಅಂಚಿಗೂ ಪಟ್ಟಿ."

ಅಮ್ಜದ್ ತಲೆ ಕೆರೆದುಕೊಂಡ. "ಅಷ್ಟುದ್ದ ವ್ಯಾನಲ್ಲಿ ಹಿಡಿಯಲ್ಲ ಚಾಚಾ."

"ಮಡಚೋ ಹಂಗ್ ಮಾಡು. ಕೀಲು ಹಾಕು. ನಡಿ, ನಾನೇ ಬತ್ತೀನಿ."

ಇಬ್ಬರೂ ವೆಲ್ಡಿಂಗ್ ಅಂಗಡಿಗೆ ಹೋದವರು ಮೂರು ದಿನ ಅಲ್ಲೇ ಮೊಕ್ಕಾಂ ಹಾಕಿದರು. ಅಪ್ಪ ರಿಟೈರಾದ ಮೇಲೆ ಇಷ್ಟು ಜೋರಾಗಿ ಬೇರೆಯವರಿಗೆ ಬೈದದ್ದು ನಾನು ಕೇಳಿರಲಿಲ್ಲ. ಹೊಸ ಹಲಗೆಯ ಮೇಲೆ ನಾನು ಒಂದೇ ಉಸಿರಿಗೆ ಅಲ್ಲದಿದ್ದರೂ ಮೂರು ಉಸಿರಿಗೆ ವ್ಯಾನಿನೊಳಕ್ಕೆ ಹೋದೆ. ಇನ್ನೊಮ್ಮೆ ಪರೀಕ್ಷೆಗೆ ಅಂತ ಮದಲೂರು ಕೆರೆಯವರೆಗೆ ಹೋಗಿ, ಇಳಿದು, ಏರಿಯ ಮೇಲೆ ಸ್ವಲ್ಪ ದೂರ ಉರುಳಿ, ಮತ್ತೆ ಹತ್ತಿ ಬಂದೆವು. ಅಪ್ಪ ದಾರಿಯುದ್ದಕ್ಕೂ ರಸ್ತೆಯ ಗುಂಡಿಗಳನ್ನು ನೋಡಿ, "ನಮ್ ಕಾಲದಲ್ಲಿ ಇಂಗಿರ್ಲಿಲ್ಲ," ಅನ್ನುತ್ತಿದ್ದ. ಅವನ ಕಾಲದಲ್ಲಿ ಇನ್ನೂ ಹೆಚ್ಚಿದ್ದವು.

ಹೊರಟ ದಿನ ಬೆಳಗ್ಗೆ ಎದ್ದವಳೇ ದೊಡ್ಡ ಚೊಂಬು ನೀರು ಕುಡಿದೆ. ದಾರಿಯಲ್ಲಿ ಮತ್ತೆ ಕುಡಿದೆ. ಮೆಟ್ಟಿಲಿಲ್ಲದ ಶೌಚಾಲಯವಿರುವ ಹೋಟೆಲೊಂದನ್ನು ಅಮ್ಜದ್ ಮೊದಲೇ ಹುಡುಕಿಟ್ಟಿದ್ದ. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಪಾರ್ಕಿನೊಳಗೆ ಹೋಗಿ ಒಂದು ಗಂಟೆಯಾದ ಮೇಲೆ ಆ ಇಪ್ಪತ್ತಾರು ಇಂಚಿನ ಬಾಗಿಲನ್ನು ಹುಡುಕಿಕೊಂಡು ಹೋದರೆ, ಬೀಗ.

"ಬೀಗದ ಕೈ ಇರೋರು ಊಟಕ್ಕೆ ಹೋಗಿದಾರೆ ಮೇಡಂ," ಅಂದ ಕಾವಲಿನವನು. ಕಿಟಕಿಯಿಂದ ಇಣುಕಿದ ಜಯಮ್ಮ, "ಅಕ್ಕಾ, ಒಳ್ಗೆಲ್ಲ ಪೊರಕೆ, ಬಕೆಟ್ಟು ತುಂಬವ್ರೆ," ಅಂದಳು. ಅವಳಿಗೆ ಅಳುವೇ ಬಂದಿತ್ತು. ಅಪ್ಪ ಹತ್ತಿರ ಬಂದು, ಬೇರೆ ಕಡೆ ನೋಡುತ್ತ, ಮೆಲ್ಲಗೆ, "ಪಕ್ಕದ್ರಾಗೆ ಎರಡೇ ಮೆಟ್ಲು ಅವೆ ಮಗ. ಒಂದ್ಸಲ," ಅಂದ.

ಆ ಕ್ಷಣದಲ್ಲಿ ಹೂಂ ಅನ್ನುವುದು ಎಷ್ಟು ಸುಲಭವಾಗಿತ್ತು ಅಂತ ನಿಮಗೆ ಹೇಳಲಾರೆ. ದೇಹವೂ ಅದನ್ನೇ ಕೇಳುತ್ತಿತ್ತು. ನಾನು ಕುರ್ಚಿ ತಿರುಗಿಸಿಕೊಂಡು ಪಕ್ಕದ ಆಫೀಸಿನ ಕಡೆ ಹೋದೆ. ಒಳಗೆ ನಾಲ್ಕು ಜನ ಕೆಲಸ ಮಾಡುತ್ತಿದ್ದರು. ಬಾಗಿಲಿನ ಅಗಲ, ಆಶ್ಚರ್ಯವೆಂದರೆ, ನನ್ನ ಕುರ್ಚಿಯಷ್ಟೇ. ಅದರಲ್ಲಿ ಕಚಕ್ಕನೆ ಕೂತು ಬ್ರೇಕು ಹಾಕಿದೆ. ಈಗ ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ.

"ಮೇಡಂ, ದಾರಿ ಬಿಡಿ," ಅಂದರು ಮ್ಯಾನೇಜರು.

"ನಿಮ್ಮ ಬೀಗದ ಕೈಯವರು ಊಟ ಮುಗಿಸಲಿ. ನಂಗೇನೂ ಅವಸರ ಇಲ್ಲ," ಅಂದೆ. ಅಂಥ ಸುಳ್ಳು ನಾನು ಜನ್ಮದಲ್ಲಿ ಹೇಳಿಲ್ಲ.

ಕೀಲಿ ಐದು ನಿಮಿಷದಲ್ಲಿ ಬಂತು. ಪೊರಕೆ, ಬಕೆಟ್ಟು, ಒಂದು ಹಳೇ ಬೋರ್ಡು ಹೊರಗೆ ಬಂದವು. ಇಪ್ಪತ್ತಾರು ಇಂಚಿನಲ್ಲಿ ನನ್ನ ಇಪ್ಪತ್ತೈದು ಇಂಚು ಉಜ್ಜಿಕೊಂಡು ಒಳಗೆ ಹೋಯಿತು. ಫೋನಿನಲ್ಲಿ ಬೆರಳಿಟ್ಟು ನೋಡಿದ ಆ ಹೆಣ್ಣುಮಗಳು ನೂರು ವರ್ಷ ಬಾಳಲಿ.

ಆಟಗಳ ಹತ್ತಿರ ಹೋದರೆ ಹೆಚ್ಚಿನವಕ್ಕೆ ನನ್ನಂಥವರಿಗೆ ಪ್ರವೇಶವಿಲ್ಲ. ಕಾಲಿನ ಬಲ ಬೇಕು ಅಂತ ಬೋರ್ಡು. ಕೆಲವು ಆಟಗಳಲ್ಲಿ ಆ ಮಾತು ನ್ಯಾಯವೇ, ವಾದಿಸಲಿಲ್ಲ. ಚಕ್ರಕ್ಕೆ ಮಾತ್ರ, ಜೊತೆಗೊಬ್ಬರು ಇದ್ದರೆ ಹತ್ತಬಹುದು ಅಂತಿತ್ತು. ಅದನ್ನು ನಡೆಸುವ ನಡುವಯಸ್ಸಿನವರು ನನ್ನನ್ನು ನೋಡಿ ಇಬ್ಬರು ಗಂಡಸರನ್ನು ಕೂಗಿದರು. ನಾನು ಬೇಡವೆಂದು ಕೈ ಅಡ್ಡ ಮಾಡಿ, ಮನೆಯಲ್ಲಿ ಕುರ್ಚಿಯಿಂದ ಮಂಚಕ್ಕೆ ಹೋಗಲು ಇಟ್ಟುಕೊಂಡಿರುವ ನುಣುಪು ಮಣೆಯನ್ನು ತೊಡೆಯ ಕೆಳಗೆ ಕೊಟ್ಟು, ತೊಟ್ಟಿಲಿನ ಸೀಟಿಗೆ ಇಷ್ಟಿಷ್ಟೇ ಜಾರಿದೆ. ಸಾಲಿನಲ್ಲಿದ್ದವರೆಲ್ಲ ಕಾದರು. ಬೆವರು ಇಳಿಯಿತು. ಜಯಮ್ಮ ಪಕ್ಕಕ್ಕೆ ಕೂತಳು. ಸರಳು ಬಿತ್ತು. ಚಕ್ರ ಏರತೊಡಗಿತು.

ಮುಂದಿನದನ್ನು ಹೇಳಲು ನಾಚಿಕೆ. ಮೂರು ತಿಂಗಳು ಬೀದಿಯವರ, ಪಾರ್ಕಿನವರ, ಹೆತ್ತಪ್ಪನ ಜೊತೆ ಜಗಳವಾಡಿ ಹತ್ತಿದ ಚಕ್ರದಲ್ಲಿ ನಾನು ನೆಲ ಬಿಟ್ಟ ಕೂಡಲೇ ಕಣ್ಣು ಮುಚ್ಚಿದೆ. ಕೆಳಗಿಳಿಯುವವರೆಗೂ ತೆರೆಯಲಿಲ್ಲ. ಜಯಮ್ಮನ ಸೆರಗು ನನ್ನ ಮುಷ್ಟಿಯಲ್ಲಿ ಹಿಂಡಿಹೋಗಿತ್ತು.

ಅಪ್ಪ ಓಡಿ ಬಂದ. "ಏನೇನ್ ಕಾಣ್ತು?"

"ಏನೂ ಇಲ್ಲ."

"ಅಂದ್ರೆ?"

"ಕಣ್ಣು ಬಿಡ್ಲಿಲ್ಲ ಅಪ್ಪ." ಸಾಲಿನಲ್ಲಿದ್ದವರು ನಕ್ಕರು. ನಾನು ಸೀಟಿನಿಂದ ಕದಲಲಿಲ್ಲ. "ಇನ್ನೊಂದ್ಸಲ ಹೋಗ್ತೀನಿ."

"ಅಮ್ಮೋ, ನಾ ವಲ್ಲೆ! ನಿನ್ ದಿಗಿಲು ನಂಗೂ ಹತ್ಕಂತು ಅಕ್ಕಾ!" ಅಂತ ಜಯಮ್ಮ ಇಳಿದು ನೆಲ ಹಿಡಿದು ಕೂತಳು. ಜೊತೆಗೆ ಒಬ್ಬರು ಇಲ್ಲದೆ ಬಿಡುವುದಿಲ್ಲ ಅಂದರು ಚಕ್ರದವರು. ಅಮ್ಜದ್ ವ್ಯಾನಿನ ಹತ್ತಿರ ಇದ್ದ. ನಾನು ಅಪ್ಪನನ್ನು ನೋಡಿದೆ. ಅಪ್ಪ ಚಕ್ರವನ್ನು ತುದಿಯವರೆಗೂ ನೋಡಿದ. ಪಂಚೆ ಎತ್ತಿ ಕಟ್ಟಿಕೊಂಡ. "ಸರೀಕೋ," ಅಂದ.

ಅರ್ಧಕ್ಕೆ ಹೋದಾಗ ನಾನು ಒಂದು ಕಣ್ಣು ತೆರೆದೆ. ಆಮೇಲೆ ಇನ್ನೊಂದು. ಮರಗಳು ನನ್ನ ಕೆಳಗಿದ್ದವು. ಹಾಗೆ ಯಾವತ್ತೂ ಇದ್ದದ್ದಿಲ್ಲ. ಜನ ಸಾಸಿವೆಕಾಳಿನ ಹಾಗೆ ಕಾಣುತ್ತಿದ್ದರು, ಅವರ ನಡುವೆ ನನ್ನ ಖಾಲಿ ಕುರ್ಚಿ ಒಂದು ಕಪ್ಪು ಚುಕ್ಕೆ. ತುದಿಯಲ್ಲಿ ಚಕ್ರ ಒಂದು ಗಳಿಗೆ ನಿಂತಿತು. ಗಾಳಿ ತಣ್ಣಗಿತ್ತು. ಸರಳನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಅಪ್ಪ ಒಂದು ಕೈ ಬಿಟ್ಟು ದೂರಕ್ಕೆ ತೋರಿಸಿದ.

"ಅಗಾ, ಅದೇ ನಮ್ ಮಧುಗಿರಿ ಬೆಟ್ಟ."

"ಸುಮ್ನಿರಪ್ಪ. ಇಲ್ಲಿಗೆ ಅದೆಲ್ಲಿ ಕಾಣುತ್ತೆ?"

"ಕಾಣ್ತಾ ಐತಲ್ಲ! ದಿನಾ ನೋಡೋ ಬೆಟ್ಟ ನಂಗ್ ಗುರ್ತಾಗಲ್ವಾ? ಅದೇ ನೆತ್ತಿ, ಅದೇ ಬೆನ್ನು."

"ಆ ದಿಕ್ಕಿಗೆ ನಮ್ಮೂರೇ ಇಲ್ಲ. ಬಿಸಿಲು ಯಾವ ಕಡೆ ಐತೆ ನೋಡು."

"ನಲವತ್ ವರ್ಸ ರಸ್ತೆ ಮಾಡಿವ್ನಿ, ನಂಗೆ ದಿಕ್ ಹೇಳ್ಕೊಡ್ತೀಯ ನೀನು?"

ಮರಗಳು ಮೇಲೆ ಬಂದದ್ದು, ಜನ ದೊಡ್ಡವರಾದದ್ದು ನಮಗಿಬ್ಬರಿಗೂ ತಿಳಿಯಲಿಲ್ಲ. ಚಕ್ರದವರು ಸರಳು ಎತ್ತಿ, "ಇಳೀರಿ ಯಜಮಾನ್ರೆ," ಅಂದರು.

ಅಪ್ಪ ಸರಳನ್ನು ಮತ್ತೆ ಕೆಳಗೆಳೆದುಕೊಂಡ. "ತಡಿಯಪ್ಪ," ಅಂದ. "ಇನ್ನೊಂದ್ ಸುತ್ತು ಬುಡು. ಇದಿನ್ನೂ ತೀರ್ಮಾನ ಆಗಿಲ್ಲ."